ಒಲೆಗೆ ಬಿದ್ದ ಜಡೆ

ಆ ಬೇಸಿಗೆಯ ಮಧ್ಯಾಹ್ನದವರೆಗೆ, ಗೀತಾಂಜಲಿಯ ತಲೆಯ ಮೇಲಿನ ಕೂದಲು ಅವಳದಲ್ಲ ಎಂಬುದು ಹಗರಿಬೊಮ್ಮನಹಳ್ಳಿಯಲ್ಲಿ ಅವಳ ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದೊಂದು ಖಾನಾವಳಿ. ಅವ್ವ ನಾಗಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಪಲ್ಯ, ಸಾರು, ಬಡಿಸುವುದು, ಗಲ್ಲಾ ನೋಡಿಕೊಳ್ಳುವುದು ಎಲ್ಲ ಗೀತಾಂಜಲಿಯದು. ಮೂವತ್ತೆರಡರ ಹೆಂಗಸು, ಉದ್ದನೆಯ ಜಡೆ, ತಿದ್ದಿ ಬರೆದ ಹುಬ್ಬು. ಉಣ್ಣಲು ಬಂದ ಹೆಂಗಸರು ಕೆಲವೊಮ್ಮೆ ‘ಯಾವ ಎಣ್ಣಿ ಹಚ್ಚತೀಯವ್ವಾ’ ಎಂದು ಕೇಳುತ್ತಿದ್ದರು. ಅವಳು ಕೊಬ್ಬರಿ ಎಣ್ಣೆ ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದಳು.

ಕೂದಲು ಉದುರಲು ಶುರುವಾದಾಗ ಅವಳು ಹಡಗಲಿಯಲ್ಲಿ ಡಿಗ್ರಿ ಓದುತ್ತಿದ್ದಳು. ಜಡೆ ಹಾಕುತ್ತಿದ್ದ ಹಾಸ್ಟೆಲ್ ಗೆಳತಿ ಕಿವಿಯ ಹಿಂದೆ ರೂಪಾಯಿಯಗಲ ಬೋಳಾದದ್ದನ್ನು ಮೊದಲು ಕಂಡಳು. ವರ್ಷ ತುಂಬುವುದರೊಳಗೆ ತಲೆ ಬರಿದಾಯಿತು, ಆಮೇಲೆ ಹುಬ್ಬು, ರೆಪ್ಪೆ. ದಾವಣಗೆರೆಯ ಚರ್ಮದ ಡಾಕ್ಟರು ಇದು ಅಂಟುರೋಗವಲ್ಲ, ಯಾರ ತಪ್ಪೂ ಅಲ್ಲ, ಮೈಯೇ ತನ್ನ ಕೂದಲಿನ ಬೇರನ್ನು ಶತ್ರು ಎಂದು ತಿಳಿದು ಹೊಡೆಯುತ್ತಿದೆ ಎಂದರು. ತಲೆಯ ತುಂಬ ಸೂಜಿ ಚುಚ್ಚಿಸಿಕೊಂಡು ಬರಲು ತಿಂಗಳಿಗೊಮ್ಮೆ ಬಸ್ಸು ಹತ್ತಬೇಕಾಯಿತು. ಅಪ್ಪ ಮನೆ ಕಟ್ಟಲೆಂದು ಇಟ್ಟುಕೊಂಡಿದ್ದ ಸೈಟು ಮಾರಿದ. ಮಾಗಳದ ಕಡೆಯ ನಾಟಿ ವೈದ್ಯನೊಬ್ಬನ ಎಣ್ಣೆಗೆ ಅವ್ವನ ಸರ ಹೋಯಿತು. ಆ ಎಣ್ಣೆಯಿಂದ ತಲೆಯೆಲ್ಲ ಬೊಬ್ಬೆ ಎದ್ದವು. ಉಚ್ಚಂಗೆಮ್ಮನಿಗೆ ಬೆಳ್ಳಿ ಒಪ್ಪಿಸಿದ್ದೂ ಆಯಿತು. ಅಪ್ಪ ತೀರಿಕೊಂಡ ಮೇಲೆ ಹೊಸ ಗುಳಿಗೆ ಬಂದಿದೆ ಎಂದು ಕೇಳಿ ಮತ್ತೆ ಡಾಕ್ಟರ ಹತ್ತಿರ ಹೋದಳು. ಒಂದು ತಿಂಗಳ ಗುಳಿಗೆಯ ಬೆಲೆ ಹೇಳುವಾಗ ಅವರೇ ದನಿ ತಗ್ಗಿಸಿದರು. ಅವಳು ಚೀಟಿ ಬರೆಸಿಕೊಳ್ಳದೆ ಎದ್ದು ಬಂದಳು.

ಕೊನೆಗೆ ಉಳಿದದ್ದು ವಿಗ್ಗು. ಬಳ್ಳಾರಿಯ ಅಂಗಡಿಯವರು ತಲೆಯ ಅಳತೆ ತೆಗೆದುಕೊಂಡು, ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಗೆ ನಿಜವಾದ ಕೂದಲು ನೇಯಿಸಿ ಕೊಟ್ಟರು. ಮೂವತ್ತೆಂಟು ಸಾವಿರ. ಜೋಪಾನ ಮಾಡಿದರೆ ಎರಡು ವರ್ಷ ಬರುತ್ತದೆ ಎಂದಿದ್ದರು, ಆದರೆ ಒಲೆಯ ಝಳಕ್ಕೆ, ಸಾರಿನ ಹಬೆಗೆ ಒಂದು ವರ್ಷ ದಾಟುವುದೇ ಕಷ್ಟ. ಅದನ್ನು ಹಣೆಗೆ ಹಿಡಿದಿಡುವ ಗಮ್ಮು, ಎರಡು ಕಡೆ ಅಂಟುವ ಟೇಪು, ಬೇರೆಯೇ ಶಾಂಪು, ಹುಬ್ಬಿನ ಪೆನ್ಸಿಲ್ಲು ಪ್ರತಿ ತಿಂಗಳೂ ಬೇಕು. ಬೆವರಿಗೆ ಗಮ್ಮು ಕರಗಿ ಹಣೆ ಉರಿಯುತ್ತಿತ್ತು. ಖಾನಾವಳಿಯ ಲಾಭದಲ್ಲಿ ಮೊದಲು ಬಾಡಿಗೆ, ಆಮೇಲೆ ಕೂದಲು, ಉಳಿದರೆ ಸೀರೆ. ಕೊಟ್ಟೂರಿನ ಒಂದು ಸಂಬಂಧ ಬಂದಿತ್ತು. ವಿಷಯ ತಿಳಿಸಿದ ಮೇಲೆ ಅವರು ‘ಹಂಗಾದ್ರ ಒಂದು ಸೈಟು ಹಾಕಿಕೊಡ್ರಿ’ ಎಂದರು. ಗೀತಾಂಜಲಿಯೇ ಬೇಡ ಎಂದಳು.

ಅಣ್ಣ ಕೊಟ್ರಸ್ವಾಮಿ ಮಾತ್ರ ಇದನ್ನೆಲ್ಲ ಶೋಕಿ ಎನ್ನುತ್ತಿದ್ದ. ಅವನು ಸಾಲ ಮಾಡಿ ಜೆಸಿಬಿ ತೆಗೆದುಕೊಂಡು, ಕೋಗಳಿ ಕಡೆಯ ರಸ್ತೆ ಕೆಲಸ ಹಿಡಿದಿದ್ದ ಕಂಟ್ರಾಕ್ಟರ್ ಗಂಗಾಧರನ ಹತ್ತಿರ ಬಾಡಿಗೆಗೆ ಓಡಿಸುತ್ತಿದ್ದ. ಹೋದ ವರ್ಷ ಹೊಸ ವಿಗ್ಗಿಗೆಂದು ಗೀತಾಂಜಲಿ ಕಟ್ಟುತ್ತಿದ್ದ ಚೀಟಿ ಎದ್ದು ಹಣ ಕೈಸೇರಿತು. ಆ ವಾರವೇ ಕೊಟ್ರಸ್ವಾಮಿಯ ಜೆಸಿಬಿ ಕಂತು ತಪ್ಪಿ, ಸಾಲದವರು ಮನೆ ಬಾಗಿಲಿಗೆ ಬಂದು ಕೂತಿದ್ದರು.

‘ಎರಡು ತಿಂಗಳು ತಡಿ, ಕೊಡ್ತೀನಿ’ ಎಂದ ಅಣ್ಣ.

‘ಅದು ನನ್ನ ಕೂದಲಿನ ರೊಕ್ಕ ಅಣ್ಣಾ. ಇದು ಹರದು ಹೋಗೈತಿ, ನೋಡು.’

‘ಕೂದಲಂತ ಕೂದಲು. ಮಿಷನ್ ಎಳಕೊಂಡು ಹೋದ್ರ ಮನಿ ಎಲ್ಲಾ ಬೀದಿಗೆ ಬರತೈತಿ. ನಿನ್ನ ಶೋಕಿಗೆ ನಾವು ಸಾಯಬೇಕೇನು?’

ಅವಳು ಹಣದ ಚೀಲವನ್ನು ಎದೆಗೆ ಒತ್ತಿಕೊಂಡಳು. ಅವನು ಅವಳ ಮಣಿಕಟ್ಟು ತಿರುಚಿ ಚೀಲ ಕಿತ್ತುಕೊಂಡು, ಅಡ್ಡ ಬಂದವಳನ್ನು ಗೋಡೆಗೆ ನೂಕಿ ಹೋದ. ಬಾಗಿಲ ಚೌಕಟ್ಟು ತಾಗಿ ಅವಳ ಭುಜ ಎಷ್ಟೋ ದಿನ ನೀಲಿಗಟ್ಟಿತ್ತು. ಆ ಹಣ ತಿರುಗಿ ಬರಲಿಲ್ಲ. ಹಳೆಯ ವಿಗ್ಗಿನ ನೆತ್ತಿಯ ಬಲೆ ಹರಿದಾಗ ಅವಳು ಸೂಜಿ ದಾರ ಹಿಡಿದು ಹೊಲಿದುಕೊಂಡಳು. ಬಾಚಿದಾಗಲೆಲ್ಲ ಎಳೆಗಳು ಉದುರುತ್ತಿದ್ದವು. ಅಡುಗೆ ಮಾಡುವಾಗ ಮೇಲೊಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಆದರೂ ಉದುರುತ್ತಿದ್ದವು.

ಗಂಗಾಧರನ ಕೆಲಸಗಾರರಿಗೆ ನಾಲ್ಕು ತಿಂಗಳಿಂದ ಊಟ ಹೋಗುತ್ತಿದ್ದದ್ದು ಇದೇ ಖಾನಾವಳಿಯಿಂದ, ಅದೂ ಉದ್ರಿ. ಬಿಲ್ಲು ಪಾಸಾಗಲಿ ಎಂದು ಅವನು ಮುಂದೂಡುತ್ತಿದ್ದ. ಹೊಸ ವಿಗ್ಗಿಗೆ ಬೇರೆ ದಾರಿ ಕಾಣದೆ ಒಂದು ದಿನ ಗೀತಾಂಜಲಿ, ನಾಲ್ಕು ಜನ ಉಣ್ಣುತ್ತಿದ್ದಾಗಲೇ ಬಾಕಿ ಕೇಳಿದಳು. ಉಣ್ಣಲು ಬಂದಿದ್ದ ಅವನು ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡು ಹೋಗಿದ್ದ.

ಮುಂದಿನ ವಾರ ಮೂರು ಆಳುಗಳೊಡನೆ ಬಂದು ನಡುವಿನ ಬೆಂಚಿನಲ್ಲಿ ಕೂತ. ಮಧ್ಯಾಹ್ನದ ಹೊತ್ತು, ಖಾನಾವಳಿ ತುಂಬಿತ್ತು. ಎರಡು ರೊಟ್ಟಿ ಮುಗಿದ ಮೇಲೆ ಎಣ್ಣೆಗಾಯಿಯಿಂದ ಒಂದು ಉದ್ದ ಕೂದಲನ್ನು ಎಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

‘ಇಲ್ಲಿ ಬಾರವ್ವಾ. ಇದೇನಿದು?’

ಗೀತಾಂಜಲಿ ಬಂದು ನೋಡಿದಳು. ‘ತಪ್ಪಾತ್ರಿ ಸಾವ್ಕಾರ್ರ. ತಾಟು ಬದಲಿ ಮಾಡಿ ಕೊಡ್ತೀನಿ.’

‘ಮಂದಿಗೆ ಕೂದಲು ತಿನಿಸ್ತಿ. ಮ್ಯಾಲೆ ಮಂದಿ ಮುಂದ ನಿಂತು ನನಗ ರೊಕ್ಕ ಕೇಳ್ತಿ. ನಾಚಿಕಿ ಬರೂದಿಲ್ಲೇನು?’

‘ಕೂದಲು ಬಿದ್ದದ್ದು ನನ್ನ ತಪ್ಪು. ಇವತ್ತಿನ ಊಟದ ರೊಕ್ಕ ಕೊಡಬ್ಯಾಡ್ರಿ. ಬಾಕಿ ಬ್ಯಾರೆ ಮಾತು.’

ಅವನು ತಾಟನ್ನು ಅವಳ ಮೇಲೆ ತೂರಿದ. ಬಿಸಿ ಸಾರು ಹೊಟ್ಟೆಯಿಂದ ಪಾದದವರೆಗೆ ಇಳಿಯಿತು. ಅವಳು ಬಗ್ಗಿ ಸೀರೆ ಕೊಡವಿಕೊಳ್ಳುತ್ತಿದ್ದಾಗ ಅವನು ಎದ್ದು ಜಡೆಯನ್ನು ಕೈಗೆ ಸುತ್ತಿಕೊಂಡ. ‘ಮೊದಲು ಇದನ್ನ ಕತ್ತರಿಸಬೇಕು, ಬರ್ರಲೇ’ ಎಂದು ಆಳುಗಳಿಗೆ ಹೇಳಿ, ಅವಳನ್ನು ಬಾಗಿಲ ಕಡೆ ಎಳೆದ. ಅವಳು ಬೆಂಚಿನ ಕಾಲು ಹಿಡಿದುಕೊಂಡಳು. ಅವನು ಎರಡೂ ಕೈಯಿಂದ ಜಗ್ಗಿದ.

ಗಮ್ಮು ಹಚ್ಚಿದ್ದ ಕಡೆ ಹಣೆಯ ಚರ್ಮ ಸೀಳಿತು. ವಿಗ್ಗು ಪೂರ್ತಿ ಕಿತ್ತು ಬಂತು. ಗಂಗಾಧರ ಹಿಂದಕ್ಕೆ ಜೋಲಿ ಹೊಡೆದು ಗೋಡೆಗೆ ಬಡಿದುಕೊಂಡ. ಗೀತಾಂಜಲಿ ಬರಿತಲೆಯಲ್ಲಿ ನೆಲದ ಮೇಲೆ ಕೂತಿದ್ದಳು. ರಕ್ತ ಹರಿದು ಕಣ್ಣಿಗೆ ಇಳಿಯುತ್ತಿತ್ತು. ಆಮೇಲೆ ಗಂಗಾಧರನ ಆಳೊಬ್ಬ ನಕ್ಕ. ಅದರೊಂದಿಗೆ ಗಂಗಾಧರನಿಗೂ ಧೈರ್ಯ ಬಂತು.

‘ಬೋಳಿ ಅದಾಳಲೇ ಇಕಿ’ ಎಂದು, ಕೈಯಲ್ಲಿದ್ದುದನ್ನು ಒಲೆಗೆ ಎಸೆದ.

ಒಲೆಯ ಮುಂದೆ ಕೂತಿದ್ದ ನಾಗಲಿಂಗಮ್ಮ ಯೋಚಿಸಲೂ ಇಲ್ಲ, ಉರಿಯೊಳಗೆ ಕೈ ಹಾಕಿದಳು. ಕೂದಲು ಸರ್ರನೆ ಹತ್ತಿಕೊಂಡು, ಕರಗಿದ ಬಲೆ ಅವಳ ಅಂಗೈಗೆ ಅಂಟಿತು. ಅವಳು ಕೂಗಿಕೊಂಡಳು. ಸುಟ್ಟ ಕೂದಲಿನ ಕಮಟು ವಾಸನೆ ಖಾನಾವಳಿಯನ್ನೆಲ್ಲ ತುಂಬಿತು.

ಅವ್ವನ ಆ ಕೂಗಿಗೆ ಗೀತಾಂಜಲಿ ಎದ್ದಳು. ಒಲೆಯ ಮೇಲೆ ರೊಟ್ಟಿಯ ಕಬ್ಬಿಣದ ಹಂಚು ಕೆಂಪಗೆ ಕಾದಿತ್ತು. ಸೆರಗು ಸುತ್ತಿದ ಕೈಯಿಂದ ಅದರ ಹಿಡಿ ಹಿಡಿದು ತಿರುಗಿದವಳೇ ಗಂಗಾಧರನ ಮುಖಕ್ಕೆ ಬೀಸಿದಳು. ಹಂಚು ಕೆನ್ನೆ, ಕಿವಿಗೆ ತಾಗಿ ಚರ್ ಎಂದಿತು. ಅವನು ತೋಳು ಅಡ್ಡ ಒಡ್ಡಿದ. ಎರಡನೆಯ ಏಟಿಗೆ ತೋಳಿನ ಎಲುಬು ಮುರಿದ ಸದ್ದು ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು. ಮೂರನೆಯ ಸಲ ಎತ್ತುವಷ್ಟರಲ್ಲಿ ಆಳುಗಳು ಅವಳನ್ನು ಕೆಡವಿ ಒದೆಯತೊಡಗಿದರು. ಪಕ್ಕೆಗೆ, ಬೆನ್ನಿಗೆ, ಬರಿತಲೆಗೆ. ನಾಗಲಿಂಗಮ್ಮ ಉರಿಯುವ ಸೌದೆ ಹಿಡಿದು ಒಬ್ಬನ ಕಾಲಿಗೆ ಬಾರಿಸಿದಳು. ಮೂಲೆಯಲ್ಲಿ ಉಣ್ಣುತ್ತಿದ್ದ ಕೂಡ್ಲಿಗಿಯ ಲಾರಿ ಡ್ರೈವರ್ ಅಂಜಿನಿ ಎಂಜಲು ಕೈಯಲ್ಲೇ ಎದ್ದು, ಬೆಂಚು ಎತ್ತಿ ಇನ್ನೊಬ್ಬನ ಬೆನ್ನ ಮೇಲೆ ಹಾಕಿದ. ಆಗಲೇ ಉಳಿದ ಗಿರಾಕಿಗಳಿಗೂ ಕೈಕಾಲು ಬಂದವು.

ತಾಲ್ಲೂಕು ಆಸ್ಪತ್ರೆಯಲ್ಲಿ ಗೀತಾಂಜಲಿಯ ಹಣೆಗೆ ಹೊಲಿಗೆ ಹಾಕಿದರು. ಎರಡು ಪಕ್ಕೆಲುಬು ಬಿರಿದಿದ್ದವು. ಹೊಲಿಗೆ ಹಾಕಿದ ಡಾಕ್ಟರಮ್ಮ, ‘ಆರು ತಿಂಗಳು ಇಲ್ಲಿ ಗಮ್ಮು, ಟೇಪು ಏನೂ ಹಚ್ಚಬಾರದು. ಕೀವು ಆದರೆ ಕಷ್ಟ’ ಎಂದರು.

ಹೇಳಿಕೆ ಬರೆದುಕೊಳ್ಳಲು ಬಂದ ಹೆಡ್ ಕಾನ್‌ಸ್ಟೇಬಲ್ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತ. ‘ಜಡೆ ಹಿಡಿದು ಎಳೆದರು ಅಂತ ಬರೀತೀನಿ, ಸಾಕಲ್ಲ?’

‘ಎಳದು, ಕಿತ್ತು, ಸುಟ್ಟಾನ ಅಂತ ಬರೀರಿ. ಅದರ ಕಿಮ್ಮತ್ತೂ ಬರೀರಿ. ಮೂವತ್ತೆಂಟು ಸಾವಿರ.’

ಅವನ ಪೆನ್ನು ನಿಂತಿತು. ‘ಕೂದಲಿಗಾ?’

‘ನನ್ನ ಬೈಕ್ ಸುಟ್ಟಿದ್ರ ಕಿಮ್ಮತ್ತು ಕೇಳಿ ಬರಕೊಂತಿದ್ರಿಲ್ರಿ? ಹಂಗ ಬರೀರಿ.’

ಅವನು ಅವಳ ತಲೆಯನ್ನೂ ಬ್ಯಾಂಡೇಜನ್ನೂ ನೋಡಿ, ಬರೆದುಕೊಂಡ. ಅತ್ತ ಗಂಗಾಧರನೂ ದೂರು ಕೊಟ್ಟಿದ್ದ: ಊಟ ಸರಿಯಿಲ್ಲ ಎಂದದ್ದಕ್ಕೆ ಕಾದ ಹಂಚಿನಿಂದ ಹೊಡೆದು ಕೊಲ್ಲಲು ನೋಡಿದಳು ಎಂದು.

ಮರುದಿನ ಬೆಳಿಗ್ಗೆ ಕೊಟ್ರಸ್ವಾಮಿ ಬಂದ. ಕೈಯಲ್ಲಿ ಅವ್ವನಿಗಾಗಿ ತಂದ ಊಟದ ಸ್ಟೀಲ್ ಕ್ಯಾರಿಯರ್ ಇತ್ತು. ಅದನ್ನು, ಕೈಗೆ ಪಟ್ಟಿ ಕಟ್ಟಿಸಿಕೊಂಡು ಅಲ್ಲೇ ಕೂತಿದ್ದ ಅವ್ವನ ಪಕ್ಕಕ್ಕಿಟ್ಟು, ತಂಗಿಯ ಮಂಚದ ತುದಿಗೆ ನಿಂತ. ಹೇಗಿದ್ದೀ ಎಂದು ಕೇಳಲಿಲ್ಲ.

‘ಗಂಗಾಧರಣ್ಣ ರಾಜಿಗೆ ಒಪ್ಪ್ಯಾನ. ದವಾಖಾನಿ ಖರ್ಚು ಎಪ್ಪತ್ತು ಸಾವಿರ ಕೇಳ್ಯಾನ. ಬಾಕಿ ಬಿಟ್ಟುಬಿಡಬೇಕಂತ. ಅವ್ವನ ಬಂಗಾರದ ಬಳಿ ಅದಾವಲ್ಲ, ಅವನ್ನ ಮಾರಿದ್ರ ಆಗತೈತಿ.’

‘ನಾನು ಯಾಕ ಕೊಡಬೇಕು?’

‘ಯಾಕಂದ್ರ? ನನ್ನ ಮಿಷನ್ ಅವನ ಸೈಟಿನ್ಯಾಗ ಐತಿ. ನಾಳೆ ಹೊರಗ ಹಾಕಿದ್ರ ಕಂತು ಯಾರು ಕಟ್ಟತಾರ?’

‘ಚೀಟಿ ರೊಕ್ಕ ಕಸಗೊಂಡು ಹೋದವನು ನೀನು. ಆವತ್ತ ನಾನು ಹೊಸಾದು ತಂದಿದ್ರ ಊಟದಾಗ ಕೂದಲು ಬೀಳ್ತಿರಲಿಲ್ಲ.’

ಕೊಟ್ರಸ್ವಾಮಿ ಅವಳ ಕೆನ್ನೆಗೆ ಹೊಡೆದ. ಬಾಗಿದ ತಲೆಗೆ ಮತ್ತೊಂದು ಬಿತ್ತು. ಹೊಲಿಗೆ ಬಿಚ್ಚಿ ಬಿಳಿಯ ಬ್ಯಾಂಡೇಜು ಕೆಂಪಾಗತೊಡಗಿತು. ಪಕ್ಕದ ಮಂಚದ ಮುದುಕಿ ನರ್ಸಮ್ಮನನ್ನು ಕೂಗಿದಳು. ಮೂರನೆಯ ಸಲ ಅವನ ಕೈ ಮೇಲೇಳುವಷ್ಟರಲ್ಲಿ ನಾಗಲಿಂಗಮ್ಮ, ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡೇ, ಇನ್ನೊಂದು ಕೈಯಿಂದ ಕ್ಯಾರಿಯರನ್ನು ಎತ್ತಿ ಮಗನ ಬಾಯಿಗೆ ಬೀಸಿದಳು. ಅನ್ನ, ಸಾರು ಗೋಡೆಗೆ ಚೆಲ್ಲಿತು. ಅವನು ಬಾಯಿ ಮುಚ್ಚಿಕೊಂಡು ಕೂತ. ಬೆರಳ ಸಂದಿಯಿಂದ ರಕ್ತದೊಡನೆ ಮುಂದಿನ ಹಲ್ಲೊಂದು ನೆಲಕ್ಕೆ ಬಿತ್ತು.

‘ಇಕಿ ತಲಿಗಂತ ನಿಮ್ಮಪ್ಪ ಸೈಟು ಮಾರಿದ್ದು ನಿನ್ನ ಹೊಟ್ಟ್ಯಾಗ ಇನ್ನೂ ಉರಿಯಾಕ ಹತ್ತೈತಿ’ ಎಂದಳು ನಾಗಲಿಂಗಮ್ಮ. ಅವಳ ದನಿ ಏರಲಿಲ್ಲ. ‘ಇಕಿ ದುಡದ ರೊಕ್ಕದ ಮ್ಯಾಲೆ ನಿನ್ನ ಮಿಷನ್ ನಿಂತೈತಿ. ಅದು ಹೊಟ್ಟ್ಯಾಗ ಉರಿಯೂದಿಲ್ಲ. ಎದ್ದು ಹೋಗು. ಮನಿಗೂ ಬರಬ್ಯಾಡ.’

ಅವನು ಹಲ್ಲನ್ನು ಹುಡುಕಿ ಜೇಬಿಗೆ ಹಾಕಿಕೊಂಡು ಹೋದ. ಆ ಸಂಜೆಯೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹರಪನಹಳ್ಳಿಯ ಮಾವನ ಮನೆ ಸೇರಿದನೆಂದು ಆಮೇಲೆ ತಿಳಿಯಿತು.

ಖಾನಾವಳಿಯ ಕಟ್ಟಡ ಹಾಲಸ್ವಾಮಿ ಎಂಬ ಹಿರಿಯರದು. ಕಾಳಿನ ವ್ಯಾಪಾರಿ, ಊರಿನ ಜಗಳಗಳು ಸ್ಟೇಷನ್ನಿಗೆ ಹೋಗುವ ಮೊದಲು ಅವರ ಅಂಗಡಿಗೆ ಬರುತ್ತಿದ್ದವು. ಇದು ಸ್ಟೇಷನ್ನಿಗೆ ಹೋದ ಮೇಲೆ ಬಂತು. ಗೀತಾಂಜಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಅವರು ಎರಡೂ ಕಡೆಯವರನ್ನು ಕರೆಸಿದರು. ಅವಳು ಹೋಗುವಾಗ ಸೆರಗು ಹೊದ್ದುಕೊಳ್ಳಲು ನೋಡಿದಳು. ಬಟ್ಟೆ ತಾಗಿದರೆ ಗಾಯ ಉರಿಯುತ್ತಿತ್ತು. ಹಾಗೆಯೇ ಹೋದಳು. ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ಪಕ್ಕೆಯ ನೋವಿಗೆ ಅವಳಿಗೆ ಬೇಗ ನಡೆಯಲೂ ಆಗಲಿಲ್ಲ.

ಅಂಗಡಿಯಲ್ಲಿ ಗಂಗಾಧರ ಮೊದಲೇ ಬಂದು ಕೂತಿದ್ದ. ಬಲಗೆನ್ನೆಗೆ ಪಟ್ಟಿ, ಬಲತೋಳಿಗೆ ಪ್ಲಾಸ್ಟರು. ಸಾಕ್ಷಿ ಹೇಳಲು ಬಂದ ಅಂಜಿನಿ ಚೀಲಗಳ ಪಕ್ಕ ನಿಂತಿದ್ದ.

‘ನನ್ನ ಮುಖ ಸುಟ್ಟಾಳ್ರಿ’ ಎಂದ ಗಂಗಾಧರ. ‘ಕಿವಿ ಕೇಳಿಸವಲ್ದು. ಇದಕ್ಕ ಯಾರು ಕೊಡ್ತಾರ?’

‘ಸುಟ್ಟದ್ದು ನಾನ’ ಎಂದಳು ಗೀತಾಂಜಲಿ. ‘ಇಲ್ಲ ಅನ್ನೂದಿಲ್ಲ. ಅದಕ್ಕ ಕೋರ್ಟಿನ್ಯಾಗ ಏನು ಶಿಕ್ಷಾ ಕೊಟ್ರೂ ಅನುಭವಿಸ್ತೀನಿ. ಆದ್ರ ನಾಲ್ಕು ತಿಂಗಳ ಊಟದ ಬಾಕಿ ಕೊಡಬೇಕು. ಸುಟ್ಟ ವಿಗ್ಗಿನ ರೊಕ್ಕಾನೂ ಕೊಡಬೇಕು.’

‘ಮೂವತ್ತೆಂಟು ಸಾವಿರ? ಸತ್ತವರ ಕೂದಲಿಗೆ?’

‘ನಿಮಗ ಅದು ಒಲಿಗೆ ಹಾಕೂ ವಸ್ತು. ನಾನು ಅದನ್ನ ಹಾಕ್ಕೊಂಡು ಗಲ್ಲಾದ ಮುಂದ ಕೂಡತಿದ್ದೆ, ಗಿರಾಕಿ ಬರತಿದ್ರು. ಅದಕ್ಕಂತ ಸೀರಿ ಬಿಟ್ಟೀನಿ, ಹಬ್ಬ ಬಿಟ್ಟೀನಿ. ನಮ್ಮವ್ವ ಬಂಗಾರ ಬಿಟ್ಟಾಳ. ಬ್ಯಾನಿ ನನಗ ಪುಕ್ಕಟೆ ಬಂತ್ರಿ. ಅದರ ಕೂಡ ಬದುಕೂದು ಪುಕ್ಕಟೆ ಅಲ್ಲ.’

ಹಾಲಸ್ವಾಮಿ ಅಂಜಿನಿಯ ಕಡೆ ನೋಡಿದರು. ‘ನೀ ಏನು ನೋಡಿದಿ, ಹೇಳಪ್ಪ.’

‘ಮೊದಲು ತಾಟು ಒಗದವನು ಇವನ್ರಿ. ಕೂದಲು ಕಿತ್ತವನೂ ಇವನ. ಆ ಮುದುಕಿ ಕೈ ಸುಟ್ಟಮ್ಯಾಲೆ ಆಯಮ್ಮ ಹೊಡದಿದ್ದು. ಇಲ್ಲೂ ಹೇಳ್ತೀನಿ, ಕೋರ್ಟಿನ್ಯಾಗೂ ಹೇಳ್ತೀನಿ.’

ಮಾತು ಮುಗಿಯುವ ಮೊದಲೇ ಗಂಗಾಧರ ಎದ್ದು, ತಕ್ಕಡಿಯ ಪಕ್ಕದ ಕಬ್ಬಿಣದ ತೂಕದ ಕಲ್ಲನ್ನು ಎಡಗೈಯಿಂದ ಎತ್ತಿ ಬೀಸಿದ. ಅಂಜಿನಿಯ ತಲೆಗೆ ಹೋಗಬೇಕಾದ್ದು ಭುಜಕ್ಕೆ ಬಡಿಯಿತು. ಅವನು ಕುಸಿದ. ಗಂಗಾಧರ ಮತ್ತೊಂದು ಕಲ್ಲಿಗೆ ಕೈ ಹಾಕಿದಾಗ ಹಾಲಸ್ವಾಮಿ ಅವನ ಮಣಿಕಟ್ಟು ಹಿಡಿದರು. ಎಪ್ಪತ್ತು ದಾಟಿದ ಮನುಷ್ಯ. ಹಮಾಲರು ಬಂದು ಗಂಗಾಧರನನ್ನು ಜೋಳದ ಚೀಲಗಳ ಮೇಲೆ ಒತ್ತಿ ಹಿಡಿಯುವವರೆಗೂ ಕೈ ಬಿಡಲಿಲ್ಲ.

‘ಇನ್ನು ಮ್ಯಾಲೆ ಸಾಕ್ಷಿ ಒಬ್ಬನ ಅಲ್ಲ ಗಂಗಾಧರ. ನಾನೂ ಅದೀನಿ’ ಎಂದರು, ಏದುಸಿರು ಬಿಡುತ್ತ. ‘ಆಕಿ ರೊಕ್ಕ ಕೊಟ್ಟುಬಿಡು.’

ಗಂಗಾಧರ ಕೊಟ್ಟ. ದಯೆಯಿಂದಲ್ಲ. ಹೊಸ ಟೆಂಡರಿಗೆ ಅರ್ಜಿ ಹಾಕಿದ್ದ, ಹಾಲಸ್ವಾಮಿಯವರು ಅವನ ವಿರುದ್ಧ ಸಾಕ್ಷಿ ಹೇಳಿದರೆ ಊರಿನಲ್ಲಿ ಕೆಲಸ ಹುಟ್ಟುವುದಿಲ್ಲವೆಂದು ವಕೀಲ ಹೇಳಿದ್ದ. ಬಾಕಿ ಪೂರ್ತಿ, ವಿಗ್ಗಿನ ಹಣ ಎರಡು ಸಲಕ್ಕೆ ಬಂತು. ಆದರೆ ಎರಡೂ ಕೇಸು ಹಾಗೆಯೇ ಉಳಿದವು. ಅವಳ ಮೇಲಿನದೂ ನಡೆಯುತ್ತಿದೆ. ತಾರೀಕು ಬಿದ್ದ ದಿನ ಅವಳು ಖಾನಾವಳಿಗೆ ಬೀಗ ಹಾಕಿ ಕೋರ್ಟಿನ ಕಟ್ಟೆಯ ಮೇಲೆ ಕೂಡುತ್ತಾಳೆ. ಗಂಗಾಧರ ಕೊಟ್ಟ ಹಣದಲ್ಲಿ ಅರ್ಧ ವಕೀಲರಿಗೆ, ಅವ್ವನ ಕೈಯ ಚಿಕಿತ್ಸೆಗೆ ಹೋಯಿತು. ಅವ್ವನ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ರೊಟ್ಟಿ ಬಡಿಯಲು ಬೇರೆ ಹೆಂಗಸನ್ನು ಇಟ್ಟುಕೊಂಡಿದ್ದಾರೆ.

ಬರಿತಲೆಯಲ್ಲಿ ಗಲ್ಲಾದ ಮುಂದೆ ಕೂತ ಮೊದಲ ವಾರ ಗಿರಾಕಿಗಳು ಅರ್ಧಕ್ಕಿಳಿದರು. ಅಂಟುರೋಗವಿರಬೇಕು ಎಂದು ಯಾರೋ ಹಬ್ಬಿಸಿದ್ದರು. ಡಾಕ್ಟರಮ್ಮ ಒಂದು ಮಧ್ಯಾಹ್ನ ತಾವೇ ಬಂದು ಎಲ್ಲರೆದುರು ಕೂತು ಉಂಡು ಹೋದರು. ಆಮೇಲೆ ನಿಧಾನವಾಗಿ ಜನ ಬಂದರು. ಲಾರಿಯವರಂತೂ ಬಿಟ್ಟಿರಲೇ ಇಲ್ಲ. ಕೆಲವು ಹೆಂಗಸರು ‘ಹಿಂಗ ಇದ್ದುಬಿಡವ್ವಾ, ಎಷ್ಟು ಧೈರ್ಯ ನಿಂದು’ ಎಂದರು. ಅವಳಿಗೆ ಸಿಟ್ಟು ಬರುತ್ತಿತ್ತು.

ಮಳೆಗಾಲದಲ್ಲಿ ಕೊಟ್ರಸ್ವಾಮಿ ಬಂದ. ಗಂಗಾಧರ ಅವನ ಜೆಸಿಬಿಯನ್ನು ಕೆಲಸದಿಂದ ಹೊರಗೆ ಹಾಕಿದ್ದ, ಸಾಲದವರು ಎಳೆದುಕೊಂಡು ಹೋಗಿದ್ದರು. ಬಾಗಿಲಲ್ಲಿ ನಿಂತವನು ಸೊರಗಿದ್ದ. ಮಾತಾಡಿದಾಗ ಹಲ್ಲಿಲ್ಲದ ಸಂದಿಯಿಂದ ಗಾಳಿ ಹೊರಡುತ್ತಿತ್ತು.

‘ತಪ್ಪಾತು ಗೀತಾ. ಇಲ್ಲೇ ಏನರ ಕೆಲಸ ಕೊಡು. ತಾಟು ತೊಳಿಯಾಕಾದ್ರೂ ಸರಿ.’

ನಾಗಲಿಂಗಮ್ಮ ಮಗಳ ಮುಖ ನೋಡಿದಳು. ಗೀತಾಂಜಲಿಯ ಕೈ ಹಣೆಯ ಗಾಯದ ಗೆರೆಗೆ ಹೋಯಿತು. ಆಸ್ಪತ್ರೆಯಲ್ಲಿ ಅವನು ಹೊಡೆದಾಗ ಬಿಚ್ಚಿದ ಹೊಲಿಗೆಯ ಕಡೆ ಅದು ದಪ್ಪಗಾಗಿ ಉಳಿದಿತ್ತು.

‘ಉಣ್ಣು’ ಎಂದಳು. ಅವಳೇ ತಾಟು ತಂದಿಟ್ಟು ಬಡಿಸಿದಳು. ಅವನು ತಲೆ ತಗ್ಗಿಸಿ ಉಂಡ. ಕೈ ತೊಳೆದು ಬಂದ ಮೇಲೆ ಅವಳು ಹೇಳಿದಳು: ‘ಹಸಿವಾದಾಗ ಬಾ, ಉಂಡು ಹೋಗು. ಕೆಲಸ ಕೊಡೂದಿಲ್ಲ. ನೀನು ಹಿಂದ ಬಂದು ನಿಂತ್ರ ನನಗ ಅಂಜಿಕಿ ಆಗತೈತಿ.’

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಆದರೆ ಕರೆಯಲಿಲ್ಲ.

ಗಾಯ ಪೂರ್ತಿ ಮಾಗಿದೆ ಎಂದು ಡಾಕ್ಟರಮ್ಮ ಹೇಳಿದ ವಾರವೇ ಗೀತಾಂಜಲಿ ಬಳ್ಳಾರಿಗೆ ಹೊರಟಳು. ಉಳಿದ ಹಣಕ್ಕೆ ಖಾನಾವಳಿಯ ಗಳಿಕೆ ಸೇರಿಸಿದ್ದಳು. ‘ಇಷ್ಟು ತಿಂಗಳು ಹಂಗ ಇದ್ದಿ. ಮತ್ತ ಯಾಕವ್ವಾ ಆ ಖರ್ಚು?’ ಎಂದು ನಾಗಲಿಂಗಮ್ಮ ಕೇಳಿದಳು.

‘ಅಡಿಗಿ ಮನ್ಯಾಗ ಹಾಕ್ಕೊಳ್ಳೂದಿಲ್ಲ ಬಿಡವ್ವಾ. ಆದ್ರ ನನಗ ಕೂದಲು ಬೇಕು. ಕನ್ನಡಿ ಮುಂದ ಬಾಚಿಕೊಳ್ಳಾಕ ಬೇಕು.’

ಅಂಗಡಿಯವನು ತಲೆಯ ಸುತ್ತ ಟೇಪು ಹಿಡಿದು ಅಳತೆ ತೆಗೆದುಕೊಂಡ. ಹಣೆಯ ಗೆರೆಯ ಹತ್ತಿರ ಬಂದಾಗ ಅವನ ಕೈ ತಡೆಯಿತು.

‘ನೋವಾಗತೈತೇನ್ರಿ ಅಕ್ಕಾ?’

‘ಇಲ್ಲ. ಬಿಗಿಯಾಗೇ ಹಿಡೀರಿ’ ಎಂದಳು ಗೀತಾಂಜಲಿ. ಆಮೇಲೆ ಮುಂಗಡ ಎಷ್ಟೆಂದು ಕೇಳಿ, ಅವನು ಹೇಳಿದ್ದಕ್ಕೆ ಚೌಕಾಸಿ ಮಾಡತೊಡಗಿದಳು.